ಅಕ್ಕನ ಕುರ್ಚಿಗೆ ತಲುಪದ ಸದ್ದು

ಆ ಬಡಾವಣೆಯಲ್ಲಿ ಯಾರ ಮನೆಯ ಕಿಟಕಿ ಗಾಜು ಗಡಗಡ ಅಂದರೂ ಜನ, "ಗುಡುಗಣ್ಣ ಬಂದು ಹೋಗಿರಬೇಕು" ಅನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದನ್ನು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಗುಡುಗಣ್ಣ ಅನ್ನುವುದೇ ಮೈಗೆ ಹತ್ತಿತ್ತು.

ಮನೆಯಲ್ಲೇ ಸಿನಿಮಾ ನೋಡಬೇಕೆಂದು ಒಂದು ಕೋಣೆಯನ್ನು ಮೀಸಲಿಡುವವರಿಗೆ ಪರದೆ ಕಟ್ಟಿ, ಗೋಡೆಗೆ ಮೆತ್ತನೆಯ ಹಲಗೆ ಹೊಡೆದು, ವೈರು ಎಳೆದು, ಸ್ಪೀಕರ್ ಕೂರಿಸಿಕೊಡುವುದು ಅವನ ಕಸುಬು. ರೇಡಿಯೋ ರಿಪೇರಿಯಿಂದ ಶುರುಮಾಡಿ ಇಲ್ಲಿಗೆ ಬಂದವನು. ಎಲ್ಲ ಮುಗಿದ ಮೇಲೆ ಅವನು ಕೊನೆಗೆ ಮುಟ್ಟುತ್ತಿದ್ದದ್ದು ವೂಫರನ್ನು. ಪರದೆಯ ಕೆಳಗೆ ಮೂಲೆಯಲ್ಲಿ ಕೂರುವ ಕರಿಯ ಪೆಟ್ಟಿಗೆ ಅದು. ಗುಡುಗು, ಡ್ರಮ್ಮು, ಲಾರಿಯ ಎಂಜಿನ್ನು, ಇಂಥ ದಪ್ಪ ಸದ್ದೆಲ್ಲ ಹೊರಡುವುದು ಅದರ ಹೊಟ್ಟೆಯಿಂದ. ಗುಡುಗಣ್ಣ ಹೋಗಿ ಮನೆಯ ಯಜಮಾನನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಎದೆ ಧಿಂ ಅನ್ನುವವರೆಗೆ ಅದನ್ನು ತಿರುಗಿಸಿ ತಿರುಗಿಸಿ ಹದಮಾಡುತ್ತಿದ್ದ. ಆಮೇಲೆ ಯಜಮಾನನನ್ನು ಅದೇ ಸೀಟಿನಲ್ಲಿ ಕೂರಿಸುತ್ತಿದ್ದ. ಯಜಮಾನನ ಹುಬ್ಬು ಮೇಲೆ ಹೋಯಿತೋ, ಕೆಲಸ ಮುಗಿಯಿತು ಅಂತ ಅರ್ಥ. ಉಳಿದ ಸೀಟುಗಳಲ್ಲಿ ಕೂತು ನೋಡುವ ಪದ್ಧತಿ ಅವನಿಗೆ ಇರಲಿಲ್ಲ. ಸದ್ದು ಅಂದರೆ ದೀಪದ ಬೆಳಕಿನ ಹಾಗೆ, ಒಂದು ಕಡೆ ಬಂದರೆ ಕೋಣೆಗೆಲ್ಲ ಬಂದಂತೆ ಅಂತ ಅವನ ಲೆಕ್ಕ.

ಅವನ ಕಿವಿಯ ಮೇಲೆ ಜನಕ್ಕೆ ಅಷ್ಟು ನಂಬಿಕೆ. ಮಿಕ್ಸಿಯ ಸದ್ದು ಬದಲಾಗಿದೆ ಅನಿಸಿದರೂ ಪಕ್ಕದ ಮನೆಯವರು ಅವನನ್ನು ಕರೆದು ಕೇಳಿಸುತ್ತಿದ್ದರು. ಅವನೂ ತಲೆ ವಾಲಿಸಿ ಕೇಳಿ, ದೊಡ್ಡ ಡಾಕ್ಟರ ಗತ್ತಿನಲ್ಲಿ, "ಬೇರಿಂಗು" ಅಂತ ಒಂದೇ ಮಾತು ಹೇಳಿ ಹೊರಡುತ್ತಿದ್ದ.

ಅವನಿಗೊಬ್ಬಳು ಅಕ್ಕ. ಅಮ್ಮ ಗಾರ್ಮೆಂಟ್ಸಿನ ಪಾಳಿಗೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಅವಳ ಮಕ್ಕಳು ದೊಡ್ಡವರಾಗಿ ಬೇರೆ ಮನೆ ಮಾಡಿದ್ದರು. ಅಕ್ಕ ಮನೆಯ ಹತ್ತಿರದ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಒಂದು ತರಗತಿ ತುಂಬ ಮಕ್ಕಳು ಒಟ್ಟಿಗೆ ಹಾಡುವಾಗ ಯಾರ ದನಿ ಜಾರಿತು ಅಂತ ಕೀಬೋರ್ಡಿನ ಮೇಲಿಂದ ತಲೆ ಎತ್ತದೆ ಹೇಳುವಳು. "ಎರಡನೇ ಸಾಲಿನ ಕೊನೇ ಪುಟ್ಟಿ, ಸ್ವಲ್ಪ ಮೇಲೆ ಬಾ" ಅಂದರೆ ಆ ಪುಟ್ಟಿ ಬೆಚ್ಚಿಬೀಳುತ್ತಿತ್ತು. ಸಂಬಳ ಹೆಚ್ಚೇನೂ ಇರಲಿಲ್ಲ. ಆದರೆ ಶಾಲೆಯ ದಿನ ಬೆಳಿಗ್ಗೆ ಅಕ್ಕನ ಸೀರೆಯ ಇಸ್ತ್ರಿಯೇ ಬೇರೆ ಥರ ಇರುತ್ತಿತ್ತು.

ಭಾವ ಗೋದಾಮಿನ ಮ್ಯಾನೇಜರಾಗಿ ನಿವೃತ್ತರಾದವರು. ಮನೆಯಲ್ಲಿ ಕೂತು ಕೂತು ಬೇಸರವಾಗಿ, "ಏನಪ್ಪಾ, ಊರಿಗೆಲ್ಲ ಥಿಯೇಟರ್ ಕಟ್ಟಿಕೊಡ್ತೀಯ, ನಮ್ಮನೇಗೆ ಯಾವಾಗ?" ಅಂದರು. ಗುಡುಗಣ್ಣ ಕುಣಿದುಕೊಂಡು ಬಂದ. ಮಹಡಿಯ ಮೇಲೆ ಉದ್ದನೆಯ ಕೋಣೆಯೊಂದಿತ್ತು. ಅದರ ಒಂದು ತುದಿಗೆ ಪರದೆ. ಇನ್ನೊಂದು ತುದಿಯಲ್ಲಿ ಮರದ ಜಗಲಿಯಂಥ ಮೆಟ್ಟಿಲು ಮಾಡಿ, ಗೋಡೆಗೆ ಅಂಟಿಸಿದ ಹಾಗೆ ದೊಡ್ಡ ಸೋಫಾ. ಅದು ಭಾವನ ಮತ್ತು ನೆಂಟರ ಜಾಗ. ಅಕ್ಕನಿಗೆ ಮಂಡಿ ನೋವು, ಕಂಬಿ ಹಿಡಿದು ಮಹಡಿ ಏರಿದರೂ ಹಿಡಿಯಲು ಏನೂ ಇಲ್ಲದ ಆ ಎತ್ತರದ ಮೆಟ್ಟಿಲು ಹತ್ತಲಾರಳು. ಅವಳು ಕೋಣೆಯ ಉದ್ದದ ನಟ್ಟನಡುವೆ, ಬಾಗಿಲ ಪಕ್ಕಕ್ಕೆ, ತನ್ನ ಬೆತ್ತದ ಕುರ್ಚಿ ಹಾಕಿಕೊಂಡಳು. "ಯಾರಾದ್ರೂ ಬಂದ್ರೆ ಎದ್ದು ಹೋಗೋಕೂ ಸುಲಭ" ಅಂದಳು.

ಮೊದಲ ದಿನ ಭಾವನ ತಂಗಿಯ ಸಂಸಾರ, ಭಾವನ ಹಳೆಯ ಸಹೋದ್ಯೋಗಿಗಳು, ಎಲ್ಲ ಬಂದಿದ್ದರು. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನ ಸಿನಿಮಾ ಹಾಕಿದ. ಗುಡುಗು ಹೊಡೆದಾಗ ಸೋಫಾದ ಸಾಲಿಗೆ ಸಾಲೇ ಹಾರಿಬಿತ್ತು. ಭಾವನ ತಂಗಿ ಎದೆ ಹಿಡಿದುಕೊಂಡು, "ಅಯ್ಯಪ್ಪಾ, ಹೊಟ್ಟೆ ಒಳಗೇ ಹೊಡೀತು!" ಅಂದರು. ಗುಡುಗಣ್ಣ ಭಾವನ ಪಕ್ಕದಲ್ಲಿ ಕೂತು ಟೀ ಕುಡಿಯುತ್ತಾ ಮೀಸೆ ಅಡಿಯಲ್ಲಿ ನಗುತ್ತಿದ್ದ.

ಆಗ ಮುಂದಿನಿಂದ ಅಕ್ಕ ತಿರುಗಿ ಕೇಳಿದಳು. "ನೀವೆಲ್ಲ ಯಾಕೆ ಹಾಗೆ ಬೆಚ್ಚಿಬೀಳ್ತೀರ? ನನಗೇನೂ ಅನ್ನಿಸ್ತಾನೇ ಇಲ್ಲವಲ್ಲೋ. ಮಾತು ಕೇಳುತ್ತೆ, ಮಳೆ ಕೇಳುತ್ತೆ. ಗುಡುಗು ಮಾತ್ರ ತಗಡು ಬಿದ್ದ ಹಾಗೆ. ಸದ್ದಿಗೆ ಹೊಟ್ಟೇನೇ ಇಲ್ಲ ಕಣೋ."

"ಅದು ಹೇಗಕ್ಕ ಆಗುತ್ತೆ? ಒಂದೇ ಕೋಣೆ, ಒಂದೇ ಬಾಕ್ಸು."

"ಹೇಗೋ ಗೊತ್ತಿಲ್ಲ. ಇಲ್ಲಿ ಇಲ್ಲ. ಬೇಕಾದ್ರೆ ಬಂದು ಕೂತು ನೋಡು."

ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತು ನೋಡಲು ಅವನಿಗೆ ಎಷ್ಟು ಹೊತ್ತು ಬೇಕಿತ್ತು? ಕೈಯಲ್ಲಿ ಟೀ ಇತ್ತು. ಎದುರಿಗೆ ಜನ ಇದ್ದರು. ತಾನು ಮಾಡಿದ ಕೆಲಸದಲ್ಲಿ ಹುಳುಕು ಇರಬಹುದೆಂದು ಅಷ್ಟು ಜನರ ಮುಂದೆ ಎದ್ದು ಒಪ್ಪಿಕೊಂಡಂತಾಗುತ್ತದೆ ಅಂತಲೂ ಒಳಗೊಳಗೇ ಅನಿಸಿರಬೇಕು. ಅವನು ಕೂತಲ್ಲೇ ಕೂತು ಹೇಳಿದ.

"ಅಕ್ಕ, ಸೌಂಡು ಎಲ್ಲಾ ಸೀಟಿಗೂ ಒಂದೇ ಕಣೇ. ಮಕ್ಕಳ ಕೂಗು ಕೇಳಿ ಕೇಳಿ ನಿನ್ನ ಕಿವೀನೇ ಸವೆದು ಹೋಗಿದೆ. ಅದನ್ನ ನಾನು ರಿಪೇರಿ ಮಾಡೋಕಾಗಲ್ಲ."

ಸೋಫಾ ಪೂರ್ತಿ ಗೊಳ್ಳೆಂದು ನಕ್ಕಿತು. ಭಾವ ಅವನ ಬೆನ್ನಿಗೆ ಹೊಡೆದು, "ನೋಡಿದ್ಯಾ, ಎಕ್ಸ್‌ಪರ್ಟೇ ಹೇಳಿಬಿಟ್ಟ" ಅಂದರು. ಅಕ್ಕನೂ ನಕ್ಕಳು. ನಕ್ಕು ಪರದೆಯ ಕಡೆ ತಿರುಗಿಕೊಂಡಳು. ಆಮೇಲೆ ಗುಡುಗು ಹೊಡೆದಾಗಲೆಲ್ಲ, ಹಿಂದಿನವರು ಹೌಹಾರಿದ್ದು ಕೇಳಿಸಿಕೊಂಡು, ಅವಳೂ ಒಂದು ಕ್ಷಣ ತಡವಾಗಿ ಭುಜ ಕುಣಿಸಿದಳು. ಗುಡುಗಣ್ಣ ಅದನ್ನು ನೋಡಿದ. ನೋಡಿ, ಬಿಸ್ಕೆಟ್ಟು ತೆಗೆದುಕೊಂಡ.

ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಯಾರೋ ಹೇಳಿದ್ದರೆ ಗಾಳಿಗೆ ಹೋಗುತ್ತಿತ್ತು. ಸದ್ದಿನ ಕಸುಬಿನವನು, ಅದೂ ಒಡಹುಟ್ಟಿದವನು ಹೇಳಿದ್ದು. ಸಾರಿಗೆ ಉಪ್ಪು ಕಡಿಮೆಯಾದರೂ ಭಾವ, "ನಾನು ಉಪ್ಪು ಅಂದಿದ್ದು ಇವಳಿಗೆ ಸೊಪ್ಪು ಅಂತ ಕೇಳಿಸಿರಬೇಕು" ಅನ್ನತೊಡಗಿದರು. ಭಾವನ ತಂಗಿ ಫೋನಿನಲ್ಲಿ ಅಕ್ಕನೊಂದಿಗೆ ಕಿರುಚಿ ಮಾತಾಡುವುದಕ್ಕೆ ಶುರುಮಾಡಿದರು. ಅವರದು ಕುಹಕವಲ್ಲ, ಕಾಳಜಿಯೇ. ಅಕ್ಕ ಕಿವಿಯ ಡಾಕ್ಟರ ಹತ್ತಿರ ಹೋಗಿಬಂದಳು. "ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಕಡಿಮೆ ಇದೆ, ಚಿಂತೆ ಮಾಡೋ ಅಂಥದ್ದಲ್ಲ" ಅಂದರಂತೆ ಡಾಕ್ಟರು, ಒಂದು ಮಾತ್ರೆಯನ್ನೂ ಕೊಟ್ಟರಂತೆ. ಮನೆಯವರಿಗೆ ಆ "ಸ್ವಲ್ಪ ಕಡಿಮೆ" ಅನ್ನುವುದಷ್ಟೇ ಸಾಕಾಯಿತು.

ಅಕ್ಕ ನಿಧಾನವಾಗಿ ಬದಲಾದಳು. ಬಾಗಿಲ ಬೆಲ್ಲು ಹೊಡೆದರೆ ತಾನಾಗಿ ಏಳುತ್ತಿರಲಿಲ್ಲ. ನಿಜವಾಗಲೂ ಹೊಡೆಯಿತಾ ಅಂತ ಪಕ್ಕದವರ ಮುಖ ನೋಡುತ್ತಿದ್ದಳು. ಶಾಲೆಯಲ್ಲಿ ಒಂದು ಮಗುವಿನ ದನಿ ಜಾರಿದಂತೆ ಅನಿಸಿದರೂ, ಜಾರಿದ್ದು ಅದರ ದನಿಯೋ ತನ್ನ ಕಿವಿಯೋ ಅಂತ ಅನುಮಾನ. ತಪ್ಪಿಲ್ಲದ ಮಗುವನ್ನು ತಿದ್ದಿಬಿಟ್ಟರೆ? ಒಂದು ವರ್ಷದ ಕೊನೆಗೆ, ಮುಖ್ಯೋಪಾಧ್ಯಾಯಿನಿ ಬೇಡವೆಂದರೂ ಕೇಳದೆ, ಕೆಲಸ ಬಿಟ್ಟುಬಂದಳು.

ಗುಡುಗಣ್ಣನಿಗೆ ಆ ಸುದ್ದಿ ಫೋನಿನಲ್ಲಿ ಸಿಕ್ಕಿತು. ಯಾರದೋ ಮನೆಯಲ್ಲಿ ಏಣಿಯ ಮೇಲೆ ನಿಂತು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದ. ಸ್ಕ್ರೂ ಕೈಗೆ ತೆಗೆದುಕೊಂಡು, "ಒಳ್ಳೇದೇ ಆಯ್ತು ಬಿಡಕ್ಕ, ಎಷ್ಟು ದಿನ ಅಂತ ದುಡೀತೀಯ" ಅಂದು, ಮತ್ತೆ ಬಾಯಿಗೆ ಹಾಕಿಕೊಂಡ.

ಹೀಗಿರುವಾಗ ಟೈಲ್ಸ್ ಅಂಗಡಿಯ ಯಜಮಾನರ ಮನೆಯ ಕೆಲಸ ಬಂತು. ಎರಡು ಸಾಲು ಸೀಟು. ಹಿಂದಿನ ಸಾಲು ಗೋಡೆಗೆ, ಮುಂದಿನ ಸಾಲು ಕೋಣೆಯ ನಡುವೆ. ಯಾವಾಗಿನಂತೆ ಹಿಂದೆ ಯಜಮಾನರ ಸೀಟಿನಲ್ಲಿ ಕೂತು ಹದಮಾಡಿ, ಅವರನ್ನು ಕೂರಿಸಿದ. ಹುಬ್ಬು ಮೇಲೆ ಹೋಯಿತು. ಇವನು ಸಾಮಾನು ಚೀಲಕ್ಕೆ ತುಂಬುತ್ತಿರುವಾಗ ಮುಂದಿನ ಸಾಲಿನಲ್ಲಿದ್ದ ಅವರ ಸೊಸೆ, "ಮಾವ, ನಿಮಗೆ ಅಷ್ಟು ಜೋರಾಗಿ ಕೇಳಿಸ್ತಿದೆಯಾ? ನನಗಿಲ್ಲಿ ಡ್ರಮ್ ಸದ್ದೇ ಇಲ್ಲ" ಅಂದಳು.

ಗುಡುಗಣ್ಣನ ನಾಲಿಗೆಯ ಮೇಲೆ ಮಾತು ಸಿದ್ಧವಾಗಿತ್ತು. "ಸೌಂಡು ಎಲ್ಲಾ ಸೀಟಿಗೂ ಒಂದೇ ಮೇಡಮ್..."

ಯಜಮಾನರು ಕೈ ಅಡ್ಡ ಹಿಡಿದರು. "ಹೇಳ್ಬೇಡಿ. ಹೋಗಿ ಕೂತ್ಕೊಳ್ಳಿ. ನಾನು ಒಂದು ಮೂಲೇಲಿ ಮಟ್ಟ ನೋಡಿ ನೆಲ ಎಲ್ಲಾ ಸರಿ ಇದೆ ಅಂದ್ರೆ ನೀವು ದುಡ್ಡು ಕೊಡ್ತೀರಾ?"

ಹೋಗಿ ಕೂತ. ಅದೇ ಹಾಡು ಹಾಕಿದರು. ಹಾಡುಗಾರನ ದನಿ ಬಂತು, ತಂತಿಯ ನಾದ ಬಂತು. ಡ್ರಮ್ಮು ಎಲ್ಲಿ? ಯಾರೋ ಪಕ್ಕದ ಮನೆಯಲ್ಲಿ ರಟ್ಟಿನ ಡಬ್ಬಿ ತಟ್ಟಿದ ಹಾಗಿತ್ತು. ತಲೆಯನ್ನು ಹಿಂದಕ್ಕೆ ವಾಲಿಸಿದ, ಸ್ವಲ್ಪ ಬಂತು. ಎದ್ದು ಹಿಂದಿನ ಗೋಡೆಯ ಹತ್ತಿರ ಹೋದ, ಕಿವಿ ಗಡಚಿಕ್ಕುವಷ್ಟು. ಮತ್ತೆ ಮುಂದೆ ಬಂದು ಕೂತ, ಹೋಯಿತು. ಸದ್ದಿಗೆ ಹೊಟ್ಟೆಯೇ ಇರಲಿಲ್ಲ.

ಆ ಮಾತು ತಲೆಯೊಳಗೆ ಬಂದದ್ದೇ ತಡ, ಗುಡುಗಣ್ಣನ ಕಿವಿ ಬಿಸಿಯಾಯಿತು, ಮೈ ಬೆವರಿತು. ಕೋಣೆಯ ನಡುವೆ ಹಾಕಿದ ಬೆತ್ತದ ಕುರ್ಚಿ ಕಣ್ಣ ಮುಂದೆ ಬಂತು. "ಬೇಕಾದ್ರೆ ಬಂದು ಕೂತು ನೋಡು" ಅಂದಿದ್ದಳು. ಅಕ್ಕ ಕೇಳಿಸಿಕೊಂಡದ್ದು ಸರಿಯಾಗಿತ್ತು. ಅಷ್ಟು ಜನರಲ್ಲಿ ಸರಿಯಾಗಿ ಕೇಳಿಸಿಕೊಂಡು ಸರಿಯಾಗಿ ಹೇಳಿದವಳು ಅವಳೊಬ್ಬಳೇ.

"ಏನಾಯ್ತು? ಬೆವರ್ತಿದ್ದೀರಲ್ಲ?" ಅಂತ ಸೊಸೆ ಕೇಳಿದಳು.

"ಏನಿಲ್ಲ ಮೇಡಮ್. ನೀವು ಹೇಳಿದ್ದು ಸರಿ" ಅಂದ. ಆ ಮೂರು ಪದದ ಮಾತು ಹೇಳುವುದು ಇಷ್ಟು ಸುಲಭವಾಗಿತ್ತಲ್ಲ ಅನಿಸಿ ಇನ್ನಷ್ಟು ಕುಗ್ಗಿದ.

ಸ್ಪೀಕರ್ ಮಾರುವ ಡೀಲರ್ ಒಬ್ಬ ಅವನಿಗೆ ಗೊತ್ತಿದ್ದ. ಅವನ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ ವಿಷಯ ಕೇಳಿದ. ಡೀಲರ್ ನಕ್ಕುಬಿಟ್ಟ. "ಇದನ್ನ ನಾನು ನಿಮಗೆ ಟ್ರೈನಿಂಗಲ್ಲೇ ಹೇಳಿದ್ದೆ. ನೀವು ಹಿಂದಿನ ಬೆಂಚಲ್ಲಿ ಕೂತು, ಲ್ಯಾಪ್‌ಟಾಪ್ ಇಟ್ಕೊಂಡು ಸೌಂಡ್ ನೋಡೋರಿಗೆ ಕಿವಿ ಯಾಕೆ ಅಂತ ಜೋಕ್ ಮಾಡಿದ್ರಿ." ನಿಜ. ಆ ಜೋಕಿಗೂ ಜನ ನಕ್ಕಿದ್ದರು.

ಡೀಲರ್ ಬಿಡಿಸಿ ಹೇಳಿದ. ದಪ್ಪ ಸದ್ದಿನ ಅಲೆ ಬಹಳ ಉದ್ದ, ಕೋಣೆಗಿಂತಲೂ ಉದ್ದ. ಮುಂದಿನ ಗೋಡೆಯಿಂದ ಹೊರಟು ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹೋಗುವುದೂ ಬರುವುದೂ ಗೋಡೆಯ ಹತ್ತಿರ ಒಂದರ ಮೇಲೊಂದು ಬಿದ್ದು ಉಬ್ಬುತ್ತವೆ, ನಡುವೆ ಒಂದನ್ನೊಂದು ತಿಂದುಹಾಕುತ್ತವೆ. ಅದಕ್ಕೇ ಗೋಡೆಗೆ ಒರಗಿದವನಿಗೆ ಕಿವಿ ತುಂಬ ಗುಡುಗು, ನಟ್ಟನಡುವೆ ಕೂತವಳಿಗೆ ಏನೂ ಇಲ್ಲ. ವಾಲ್ಯೂಮ್ ಏರಿಸಿದರೆ ಗೋಡೆಯವನಿಗೆ ತಲೆನೋವು ಬಂದೀತೇ ಹೊರತು ನಡುವಿನ ಹಳ್ಳ ತುಂಬುವುದಿಲ್ಲ. ಮುಂದಿನ ಗೋಡೆಯ ನಡುವೆ ಒಂದು, ಹಿಂದಿನ ಗೋಡೆಯ ನಡುವೆ ಇನ್ನೊಂದು ವೂಫರ್ ಎದುರುಬದುರಾಗಿ ಇಟ್ಟು, ಎರಡನ್ನೂ ತಗ್ಗಿಸಿ ಹೊಂದಿಸಿದರೆ ಉಬ್ಬೂ ಇಳಿಯುತ್ತದೆ, ಹಳ್ಳವೂ ತುಂಬುತ್ತದೆ. ಸೋಫಾವನ್ನು ಗೋಡೆಯಿಂದ ಒಂದಿಷ್ಟು ಈಚೆಗೆ ಎಳೆದುಕೊಳ್ಳಬೇಕು. ಅಳೆಯುವುದಕ್ಕೆ ಒಂದು ಮೈಕನ್ನೂ ಕೊಟ್ಟು, "ಪ್ರತಿ ಸೀಟಲ್ಲೂ ಇಟ್ಟು ನೋಡಿ. ಪ್ರತಿ ಸೀಟಲ್ಲೂ" ಅಂತ ಒತ್ತಿ ಹೇಳಿದ.

ಟೈಲ್ಸ್ ಯಜಮಾನರ ಮನೆಯಲ್ಲಿ ಹಾಗೇ ಮಾಡಿದ. ಸೊಸೆ ಕೂತು ಕೇಳಿ, "ಈಗ ಬಂತು" ಅಂದಳು. ಆಯಿತು. ಇನ್ನು ಉಳಿದದ್ದು ಅಕ್ಕನ ಮನೆ.

ಅಲ್ಲಿಗೆ ಹೋಗುವುದಕ್ಕೆ ಅವನಿಗೆ ಕಾಲೇ ಬರಲಿಲ್ಲ. ಇಂದು ನಾಳೆ ಅಂತ ಮುಂದಕ್ಕೆ ಹಾಕಿದ. ಕೊನೆಗೆ ಭಾವ ಹೊರಗೆ ಹೋಗಿರುವ ಒಂದು ಮಧ್ಯಾಹ್ನ ನೋಡಿಕೊಂಡು, ಕಳ್ಳನ ಹಾಗೆ, ಹೊಸ ವೂಫರನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋದ.

"ಏನೋ ಇದು?" ಅಂದಳು ಅಕ್ಕ, ಪೆಟ್ಟಿಗೆ ನೋಡಿ.

"ಕಂಪನಿಯೋರು ಹಳೇ ಗಿರಾಕಿಗಳಿಗೆ ಇನ್ನೊಂದು ಸುಮ್ನೆ ಕೊಡ್ತಿದ್ದಾರಕ್ಕ." ಹಸೀ ಸುಳ್ಳು. ಬಂದ ಕೂಡಲೇ ಮೊದಲು ಬಾಯಿಂದ ಬಿದ್ದದ್ದು ಅದೇ.

ಅಕ್ಕ ಮಜ್ಜಿಗೆ ತರಲು ಕೆಳಗೆ ಹೋದಳು. ಗುಡುಗಣ್ಣ ಬಾಗಿಲು ಹಾಕಿಕೊಂಡ. ಡೀಲರ್ ಹೇಳಿಕೊಟ್ಟ ಉಪಾಯವೊಂದಿತ್ತು: ಕೇಳುವವರು ಕೂರುವ ಕುರ್ಚಿಯ ಮೇಲೆ ವೂಫರನ್ನೇ ಇಟ್ಟು ಸದ್ದು ಹಾಕಿ, ನೆಲದ ಮೇಲೆ ಅಂಬೆಗಾಲಿಟ್ಟು ಸುತ್ತಬೇಕು, ಎಲ್ಲಿ ಸದ್ದು ಉಬ್ಬದೆ ತಗ್ಗದೆ ಸಮನಾಗಿ ಕೇಳುತ್ತದೋ ಅಲ್ಲಿ ಇಟ್ಟರೆ ಆ ಕುರ್ಚಿಗೆ ಒಳ್ಳೆಯದು. ಅಕ್ಕನ ಬೆತ್ತದ ಕುರ್ಚಿಯ ಮೇಲೆ ಕರಿಯ ಪೆಟ್ಟಿಗೆ ಕೂರಿಸಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ನೆಲಕ್ಕೆ ಕಿವಿ ಕೊಟ್ಟು ಗೋಡೆಯ ಗುಂಟ ಹರಿದಾಡತೊಡಗಿದ. ಧೂಳು ಮೂಗಿಗೆ ಹೋಯಿತು. ಸೋಫಾವನ್ನು ಗೋಡೆಯಿಂದ ಈಚೆಗೆ ಎಳೆದು, ಅದರ ಹಿಂದೆ ತಲೆ ತೂರಿಸಿ, ಹಿಂಭಾಗವನ್ನಷ್ಟೇ ಹೊರಗೆ ಬಿಟ್ಟುಕೊಂಡು ಕೇಳುತ್ತಿದ್ದಾಗ ಬಾಗಿಲು ತೆರೆಯಿತು.

"ಏನೋ ಹುಡುಕ್ತಿದ್ದೀಯ? ಏನ್ ಬಿತ್ತು?"

"ಸ್ಕ್ರೂ" ಅಂದ, ತಲೆ ಹೊರಗೆ ತೆಗೆಯದೆ.

ಅಕ್ಕ ಮಜ್ಜಿಗೆಯ ಲೋಟ ಕೆಳಗಿಟ್ಟು, ಮಂಡಿ ನೋವನ್ನೂ ಲೆಕ್ಕಿಸದೆ, ಗೋಡೆ ಹಿಡಿದು ಬಗ್ಗಿ, ತಾನೂ ಇಲ್ಲದ ಸ್ಕ್ರೂ ಹುಡುಕತೊಡಗಿದಳು. "ಸಣ್ಣದಾ ದೊಡ್ಡದಾ? ಬಿದ್ದಾಗ ಟಣ್ ಅಂತಾ? ನನಗೆ ಕೇಳಿಸಲಿಲ್ಲ. ಕೇಳಿಸೋದೂ ಇಲ್ಲ ಬಿಡು."

ಗುಡುಗಣ್ಣ ಸೋಫಾದ ಹಿಂದಿನ ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡ. ಅಲ್ಲಿಯೇ ಹೇಳಿಬಿಡಬಹುದಿತ್ತು. "ಸಿಕ್ತಕ್ಕ" ಅಂದ. ಜೇಬಿನಿಂದ ಒಂದು ಸ್ಕ್ರೂ ತೆಗೆದು ತೋರಿಸಿದ.

ಸಂಜೆಯ ಹೊತ್ತಿಗೆ ಎಲ್ಲ ಹೊಂದಿಸಿದ. ಅಕ್ಕನ ಕುರ್ಚಿಯಲ್ಲಿ ತಾನೇ ಕೂತು ಕೇಳಿದ, ಮೈಕಿಟ್ಟು ಅಳೆದ, ಸೋಫಾದ ಒಂದೊಂದು ಜಾಗದಲ್ಲೂ ಕೂತು ನೋಡಿದ. ಎಲ್ಲ ಕಡೆ ಒಂದೇ ಹದ. ಭಾವ ಬಂದ ಮೇಲೆ ಅದೇ ಹಡಗಿನ ಸಿನಿಮಾ ಹಾಕಿದರು. ಗುಡುಗು ಹೊಡೆಯಿತು. ಅಕ್ಕ ಕುರ್ಚಿಯಿಂದ ಹಾರಿಬಿದ್ದಳು.

"ಕೇಳಿಸ್ತು!" ಅಂದಳು. ಎದೆಯ ಮೇಲೆ ಕೈ ಇಟ್ಟುಕೊಂಡು, ಮಗುವಿನ ಹಾಗೆ ಗಂಡನ ಕಡೆ ತಿರುಗಿ, "ರೀ, ನನಗೆ ಕೇಳಿಸ್ತು!"

ಭಾವ ಹಿಗ್ಗಿದರು. "ನಾನು ಹೇಳಲಿಲ್ವಾ? ಮಾತ್ರೆ ನಿಲ್ಲಿಸ್ಬೇಡ ಅಂದಿದ್ದು ಇದಕ್ಕೇ. ಡಾಕ್ಟರ್ ಕೈಗುಣ ಚೆನ್ನಾಗಿದೆ. ಅಲ್ವೇನಪ್ಪಾ?"

ಇಬ್ಬರೂ ಅವನ ಮುಖ ನೋಡಿದರು. ಅಕ್ಕನ ಕಣ್ಣು ತುಂಬಿತ್ತು. ತಲೆ ಅಲ್ಲಾಡಿಸಿದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಅವನ ಹೆಸರೂ ಉಳಿಯುತ್ತಿತ್ತು. ಅವನು ತಲೆ ಅಲ್ಲಾಡಿಸಲು ಶುರುವನ್ನೂ ಮಾಡಿದ. ಆದರೆ ಅಕ್ಕ ಡಾಕ್ಟರಿಗೆ ನಾಳೆಯೇ ಹೋಗಿ ಹೇಳಿ ಬರುತ್ತೇನೆ ಅಂದದ್ದು ಕೇಳಿ, ಅರ್ಧಕ್ಕೇ ನಿಲ್ಲಿಸಿದ.

ಎದ್ದು ಹೋಗಿ ಹಿಂದಿನ ವೂಫರಿನ ವೈರು ಕಿತ್ತ. "ಭಾವ, ಸ್ವಲ್ಪ ಇಳಿದು ಬನ್ನಿ. ಅಕ್ಕನ ಕುರ್ಚೀಲಿ ಕೂತ್ಕೊಳ್ಳಿ."

"ಯಾಕಪ್ಪಾ?"

"ಕೂತ್ಕೊಳ್ಳಿ ಭಾವ, ದಮ್ಮಯ್ಯ."

ಭಾವ ಗೊಣಗುತ್ತಾ ಬಂದು ಕೂತರು. ಅದೇ ಗುಡುಗನ್ನು ಮತ್ತೆ ಹಾಕಿದ. ಭಾವ ಕಾದರು. "ಹಾಕು."

"ಹಾಕಾಯ್ತು."

"ಇದಾ ಗುಡುಗು? ಮೊನ್ನೆವರೆಗೂ ಸೋಫಾದಲ್ಲಿ ಎದೆ ಒಡೀತಿತ್ತಲ್ಲ. ಎಲ್ಲೋಯ್ತು ಸೌಂಡು?"

"ಇಲ್ಲಿ ಯಾವತ್ತೂ ಇರಲಿಲ್ಲ ಭಾವ. ಮೊದಲ ದಿನದಿಂದ ಇರಲಿಲ್ಲ." ಅವನು ಅಕ್ಕನ ಕಡೆ ನೋಡಲಾರದೆ ನೆಲ ನೋಡಿಕೊಂಡೇ ಹೇಳಿದ. "ಅಕ್ಕನ ಕಿವಿ ಸರಿಯಾಗೇ ಇತ್ತು. ಕೆಟ್ಟಿದ್ದು ನನ್ನ ಕೆಲಸ. ಅವಳು ಬಂದು ಕೂತು ನೋಡು ಅಂದಳು. ನಾನು ಕೂರಲಿಲ್ಲ. ನಿಮ್ಮೆಲ್ಲರ ಮುಂದೆ ಅವಳನ್ನ ಕಿವುಡಿ ಮಾಡಿ ನಗಿಸಿದೆ. ಈ ಹೊಸ ಬಾಕ್ಸು ಕಂಪನಿ ಕೊಟ್ಟಿದ್ದು ಅಂದಿದ್ದೂ ಸುಳ್ಳು. ಸ್ಕ್ರೂ ಬಿತ್ತು ಅಂದಿದ್ದೂ ಸುಳ್ಳು."

ಪರದೆಯ ಮೇಲೆ ಹಡಗು ಗುಡುಗಿಲ್ಲದೆ ಮುಳುಗುತ್ತಿತ್ತು. ಭಾವ ಬೆತ್ತದ ಕುರ್ಚಿಯಿಂದ ಏಳಲೂ ಆಗದೆ ಕೂರಲೂ ಆಗದೆ ಒದ್ದಾಡಿದರು. ಉಪ್ಪು-ಸೊಪ್ಪಿನ ಜೋಕು ಅವರಿಗೂ ನೆನಪಾಗಿರಬೇಕು. ರಿಮೋಟನ್ನು ಕೈಯಲ್ಲಿ ಹಿಂದು ಮುಂದು ಮಾಡುತ್ತಾ, ಹೆಂಡತಿಯ ಕಡೆ ಒಮ್ಮೆ ನೋಡಿ, ಪರದೆ ಆರಿಸಿದರು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನಾನು ಶಾಲೆ ಬಿಟ್ಟಿದ್ದು ನಿನಗೆ ಗೊತ್ತಿತ್ತಲ್ಲೋ" ಅಂದಳು.

"ಗೊತ್ತಿತ್ತು."

"ಯಾಕೆ ಬಿಟ್ಟೆ ಅಂತ ಕೇಳಲಿಲ್ಲ ನೀನು."

ಏನಾದರೂ ಮಾಡಿ ತಿದ್ದಬೇಕೆಂಬ ಆತುರದಲ್ಲಿ, "ಅಕ್ಕ, ಇನ್ಮೇಲೆ ನನ್ನ ಕೆಲಸಕ್ಕೆ ನೀನೂ ಬಾ. ನಿನ್ನ ಕಿವಿ ಮುಂದೆ ನನ್ನದೇನೂ ಅಲ್ಲ. ಎಲ್ಲರ ಮುಂದೆ ಹೇಳ್ತೀನಿ" ಅಂದ.

"ನಿನ್ನ ತಪ್ಪು ತೊಳ್ಕೊಳ್ಳೋಕೆ ನಾನ್ಯಾಕೆ ಊರೂರು ಸುತ್ತಲಿ?" ಅಂದಳು ಅಕ್ಕ. ಸಿಟ್ಟು ಈಗ ದನಿಗೆ ಬಂದಿತ್ತು. "ಅವತ್ತು ನಕ್ಕರಲ್ಲ, ಅವರಿಗೆಲ್ಲ ಹೋಗಿ ಹೇಳು. ಒಬ್ಬೊಬ್ಬರ ಮನೆಗೂ ಹೋಗಿ ಹೇಳು. ಫೋನಲ್ಲಲ್ಲ."

ಹೋದ. ಮೊದಲು ಭಾವನ ತಂಗಿಯ ಮನೆ. ಅವರು ಬಾಗಿಲಲ್ಲೇ, "ಏನು, ಏನಾಯ್ತು, ಅತ್ತಿಗೆ ಹುಷಾರಾಗಿದ್ದಾರಾ?" ಅಂತ ಗಾಬರಿಯಾದರು. ಇವನು ಕೂತು, ಕೈ ಕೈ ಹೊಸಕುತ್ತಾ, ಆ ದಿನ ತಾನಾಡಿದ ಮಾತು ತಪ್ಪೆಂದು ಹೇಳಿದ.

"ಯಾವ ಮಾತು?"

ಅವರಿಗೆ ನೆನಪೇ ಇರಲಿಲ್ಲ. ಕ್ಷಮೆ ಕೇಳಬೇಕಾದರೆ ಆ ತಮಾಷೆಯನ್ನು ಅವನೇ ಮತ್ತೆ ಮೊದಲಿಂದ ಹೇಳಬೇಕಾಯಿತು. ಹೇಳಿದ. "ಕಿವೀನೇ ಸವೆದು ಹೋಗಿದೆ" ಅನ್ನುವ ಜಾಗಕ್ಕೆ ಬಂದಾಗ ಅವರು ಮತ್ತೊಮ್ಮೆ ನಕ್ಕುಬಿಟ್ಟರು. ನಕ್ಕು, ಅವನ ಮುಖ ನೋಡಿ, ಸೆರಗು ಬಾಯಿಗಿಟ್ಟುಕೊಂಡರು. "ಆಮೇಲೆ ನಾನು ಫೋನಲ್ಲಿ ಕಿರುಚ್ತಾ ಇದ್ದೆನಲ್ಲ... ಅವರು ಒಂದು ದಿನಾನೂ ಬೇಡ ಅನ್ನಲಿಲ್ಲವಲ್ಲ" ಅಂದರು.

ಭಾವನ ಸಹೋದ್ಯೋಗಿಗಳ ಮನೆಗಳಲ್ಲೂ ಹಾಗೇ ಆಯಿತು. ಒಬ್ಬರು, "ಇಷ್ಟಕ್ಕೆ ಬಂದ್ರಾ?" ಅಂದರು. ಇನ್ನೊಬ್ಬರು ಕಾಫಿ ಕೊಟ್ಟು, ತಮ್ಮ ಮನೆಯ ಸ್ಪೀಕರಿನ ಗೊರಗೊರ ಸದ್ದಿನ ವಿಷಯ ತೆಗೆದರು. ನಕ್ಕವರೆಲ್ಲ ಮರೆತಿದ್ದರು. ನಗಿಸಿದವನೂ ಮರೆತಿದ್ದ. ಅದನ್ನು ಹೊತ್ತುಕೊಂಡು ಓಡಾಡಿದ್ದು ಅಕ್ಕ ಒಬ್ಬಳೇ. ಒಂದೊಂದು ಮನೆಯ ಮೆಟ್ಟಿಲು ಇಳಿಯುವಾಗಲೂ ಈ ಮಾತು ಅವನನ್ನು ಇನ್ನಷ್ಟು ಸಣ್ಣವನನ್ನಾಗಿ ಮಾಡಿತು.

ಶಾಲೆಗೂ ಹೋದ, ಅಕ್ಕನನ್ನು ಕೇಳದೆ. ಮುಖ್ಯೋಪಾಧ್ಯಾಯಿನಿ ಎಲ್ಲ ಕೇಳಿಸಿಕೊಂಡು, "ದೊಡ್ಡ ಮಕ್ಕಳ ಹಾಡಿಗೆ ಈಗ ಬೇರೆ ಹುಡುಗಿ ಬಂದಿದ್ದಾಳೆ. ಅವಳನ್ನ ತೆಗೆಯೋಕಾಗಲ್ಲ. ಚಿಕ್ಕ ಮಕ್ಕಳ ಹಾಡಿನ ತರಗತಿಗೆ ಯಾರೂ ಇಲ್ಲ. ಆದರೆ ಅದನ್ನ ನಿಮ್ಮ ಹತ್ತಿರ ಯಾಕೆ ಮಾತಾಡ್ಲಿ? ಅವರಿಗೆ ಇಷ್ಟ ಇದ್ದರೆ ಅವರೇ ಬಂದು ಕೇಳಲಿ" ಅಂದರು. ಬೈಸಿಕೊಂಡ ಹಿಂದಿನ ಬೆಂಚಿನ ಹುಡುಗನ ಹಾಗೆ ಎದ್ದು ಬಂದ.

ಅಕ್ಕನಿಗೆ ಹೇಳಿದಾಗ ಅವಳು ಸಿಡುಕಿದಳು. "ಮತ್ತೆ ನನ್ನ ವಿಷಯ ನೀನೇ ತೀರ್ಮಾನ ಮಾಡೋಕೆ ಹೋದೆಯಾ?" ಅಷ್ಟೇ. ಹೋಗುತ್ತೇನೆ ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ.

ಭಾವ ಸೋಫಾದ ಮೆಟ್ಟಿಲು ಕಿತ್ತುಹಾಕಿಸಿದರು, ಅಕ್ಕ ಎಲ್ಲಿ ಬೇಕಾದರೂ ಕೂರಲಿ ಅಂತ. ಅಕ್ಕ ತನ್ನ ಕುರ್ಚಿಯಲ್ಲೇ ಕೂತಳು. ತಮ್ಮ ಬಂದರೆ ಊಟಕ್ಕೆ ಹಾಕುವಳು, ಮಾತಾಡಿಸುವಳು. ಆದರೆ ಮೊದಲಿನಂತೆ ತಲೆ ಮೇಲೆ ಮೊಟಕುತ್ತಿರಲಿಲ್ಲ. ಅವನೂ ಮೊದಲಿನಂತೆ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆಯುತ್ತಿರಲಿಲ್ಲ. ಕರೆದಾಗ ಬಂದು, ಹಾಕಿದ್ದು ತಿಂದು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ.

ಬೇಸಿಗೆ ರಜೆ ಕಳೆದು ಶಾಲೆಗಳು ತೆರೆದವು. ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. "ನಿಮ್ಮ ಭಾವನಿಗೆ ಬೆನ್ನು ಹಿಡ್ಕೊಂಡಿದೆ. ಸ್ಕೂಟರ್ ತಗೊಂಡು ಬಾ, ಶಾಲೆ ಹತ್ತಿರ ಬಿಡು. ಚಿಕ್ಕ ಮಕ್ಕಳ ತರಗತಿ ಒಪ್ಕೊಂಡಿದ್ದೀನಿ." ತಾನೇ ಹೋಗಿ ಕೇಳಿಬಂದಿದ್ದಳು, ಯಾವಾಗ ಅಂತ ಅವನಿಗೆ ಗೊತ್ತಿರಲಿಲ್ಲ.

ಶಾಲೆಯ ಗೇಟಿನ ಹತ್ತಿರ ಅವಳು ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಚೀಲ ಹೆಗಲಿಗೆ ಹಾಕಿದಳು. ಅವನು ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದ.

"ಏನು?"

"ಏನಿಲ್ಲ. ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ. ಮೊದಲ ದಿನ ಅಲ್ವಾ."

"ಬೇಡ, ನೀನು ಹೋಗು" ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಹೊರಗೆ ನಿಂತು ಕೇಳ್ತಿದ್ದೀಯ ಅಂತ ಗೊತ್ತಿದ್ರೆ ನನಗೆ ಕೈ ಓಡಲ್ಲ."

ಅವನು ಹೆಲ್ಮೆಟ್ ಹಾಕಿಕೊಂಡ. ಸ್ಟಾರ್ಟ್ ಮಾಡಿದರೆ ಆ ಸ್ಕೂಟರಿನ ಸದ್ದಿಗೆ ತರಗತಿಗಳಲ್ಲಿ ಪಾಠ ನಿಂತೀತು ಅನಿಸಿ, ರಸ್ತೆಯ ತಿರುವಿನವರೆಗೆ ಅದನ್ನು ತಳ್ಳಿಕೊಂಡೇ ಹೋದ.